ಹಳೇ ಪವರ್ ಟಿಲ್ಲರ್: ಬೋಲ್ಟ್ ಬಿಗಿ ಮಾಡೋದಾ, ಗೇರ್‌ಬಾಕ್ಸ್ ಬಿಚ್ಚೋದಾ, ಎಂಜಿನ್ ಬದಲಿಸೋದಾ, ಮಾರೋದಾ?

ಎಂಜಿನ್ ಒಂದೇ ಏಟಿಗೆ ಸ್ಟಾರ್ಟ್ ಆಗುತ್ತದೆ. ಆದರೆ ಹ್ಯಾಂಡಲ್ ಹಿಡಿದರೆ ಕೈ ಜೋಮು ಹಿಡಿಯುತ್ತದೆ. ಬೆಲ್ಟ್ ಒಂದು ಹಂಗಾಮೂ ಬಾಳುವುದಿಲ್ಲ. ಲೋಡ್ ಬಿದ್ದ ಕೂಡಲೇ ಎರಡನೇ ಗೇರ್ ಹಾರುತ್ತದೆ. ಎಂಜಿನ್ ಕೂರಿಸಿದ ಫೌಂಡೇಶನ್ ಬೋಲ್ಟುಗಳನ್ನು ಎಷ್ಟು ಬಿಗಿ ಮಾಡಿದರೂ ವಾರದೊಳಗೆ ಮತ್ತೆ ಸಡಿಲ. ಹತ್ತು ಹದಿನೈದು ವರ್ಷ ದುಡಿದ ಟಿಲ್ಲರ್ ಇರುವ ಮನೆಗಳಲ್ಲೆಲ್ಲ ಹೆಚ್ಚುಕಮ್ಮಿ ಇದೇ ಗೋಳು. ಒಬ್ಬ ಮೆಕ್ಯಾನಿಕ್ ಗೇರ್‌ಬಾಕ್ಸ್ ಬಿಚ್ಚೋಣ ಅಂತಾನೆ. ಇನ್ನೊಬ್ಬ ಬೇರೆ ಎಂಜಿನ್ ಕೂರಿಸಿ ಅಂತಾನೆ. ಪಕ್ಕದ ಮನೆಯವರು ಮಾರಿಬಿಡಿ, ಸಬ್ಸಿಡಿಯಲ್ಲಿ ಹೊಸದು ಸಿಗುತ್ತೆ ಅಂತಾರೆ. ಮೂವರ ಮಾತೂ ಒಂದೊಂದು ಗಾಡಿಗೆ ಸರಿಯೇ. ನಿಮ್ಮ ಗಾಡಿಗೆ ಯಾವುದು ಅನ್ನೋದನ್ನು ನೋಡೋಣ.

ನಾನು ಹೇಳುತ್ತಿರುವುದು 12-13 ಎಚ್‌ಪಿಯ, ಒಂದೇ ಸಿಲಿಂಡರಿನ, ನೀರಿನಿಂದ ತಂಪಾಗುವ ಡೀಸೆಲ್ ಟಿಲ್ಲರ್ ಬಗ್ಗೆ. ಮಲೆನಾಡು, ಕರಾವಳಿಯ ಗದ್ದೆ ತೋಟಗಳಲ್ಲಿ ಹೆಚ್ಚಾಗಿ ಇರುವುದು ಅವೇ. ಇವುಗಳಲ್ಲಿ ಎಂಜಿನ್ ಮುಂದೆ ಚಾಸಿಯ ಮೇಲೆ ಬೋಲ್ಟುಗಳಲ್ಲಿ ಕೂತಿರುತ್ತದೆ. ಅದರ ಪುಲ್ಲಿಯಿಂದ ವಿ-ಬೆಲ್ಟುಗಳು ಕ್ಲಚ್ ಪುಲ್ಲಿಯನ್ನು ತಿರುಗಿಸುತ್ತವೆ. ಕ್ಲಚ್ಚಿನಿಂದ ಗೇರ್‌ಬಾಕ್ಸ್, ಅಲ್ಲಿಂದ ಗಾಡಿ ತಿರುಗಿಸುವ ಎರಡೂ ಬದಿಯ ಸ್ಟೀರಿಂಗ್ ಕ್ಲಚ್, ಆಮೇಲೆ ಚಕ್ರ. ಮಣ್ಣು ಉಳುವ ಬ್ಲೇಡುಗಳಿರುವ ರೋಟರಿಗೆ ಬೇರೆ ದಾರಿ ಇರುತ್ತದೆ.

ಈ ದಾರಿಯನ್ನು ತಲೆಯಲ್ಲಿ ಇಟ್ಟುಕೊಳ್ಳಿ. ಯಾಕೆಂದರೆ ರೋಗ ಒಂದು ಕಡೆ ಹುಟ್ಟಿ ಇನ್ನೊಂದು ಕಡೆ ಕಾಣಿಸುತ್ತದೆ. ಫೌಂಡೇಶನ್ ಬೋಲ್ಟ್ ಸಡಿಲವಾದರೆ ಬೆಲ್ಟಿನ ಎಳೆತಕ್ಕೆ ಎಂಜಿನ್ ಒಂದು ಮೂಲೆಗೆ ಜರುಗುತ್ತದೆ. ಪುಲ್ಲಿಗಳ ಸಾಲು ತಪ್ಪುತ್ತದೆ. ಬೆಲ್ಟ್ ಜಾರುತ್ತದೆ. ಜಾರುತ್ತಿದೆ ಅಂತ ನಾವು ಇನ್ನಷ್ಟು ಟೈಟ್ ಮಾಡುತ್ತೇವೆ. ಆ ಎಳೆತ ಕ್ಲಚ್ ಶಾಫ್ಟಿನ ಬೇರಿಂಗಿಗೆ ಬೀಳುತ್ತದೆ. ಬೇರಿಂಗ್ ಸವೆದ ಮೇಲೆ ಶಾಫ್ಟ್ ಓಲಾಡುತ್ತದೆ, ಆಯಿಲ್ ಸೀಲ್ ಸೋರುತ್ತದೆ, ಗೇರ್ ಹಲ್ಲು ಓರೆಯಾಗಿ ಕಚ್ಚುತ್ತದೆ. ಅಷ್ಟು ಹೊತ್ತಿಗೆ ಮೆಕ್ಯಾನಿಕ್ ಹೇಳುವುದು "ಗೇರ್‌ಬಾಕ್ಸ್ ಹೋಗಿದೆ" ಅಂತ. ಹೋಗಿರೋದು ನಿಜ. ಆದರೆ ಬೋಲ್ಟ್ ಸರಿಯಾಗದೆ ಗೇರ್‌ಬಾಕ್ಸಿಗೆ ದುಡ್ಡು ಸುರಿದರೆ ಎರಡು ವರ್ಷಕ್ಕೆ ಮತ್ತೆ ಅಲ್ಲಿಗೇ ಬರುತ್ತೀರಿ.

ಯಾವುದನ್ನು ನೋಡಿ ನಿರ್ಧಾರ ಮಾಡಬೇಕು

ಎಲ್ಲಕ್ಕಿಂತ ಮೊದಲು ಎರಕದ ಭಾಗಗಳು. ಗೇರ್‌ಬಾಕ್ಸಿನ ಹೊರಮೈ (ಹೌಸಿಂಗ್) ಮತ್ತು ಎಂಜಿನ್ನಿನ ಕಾಲುಗಳು, ಅಂದರೆ ಬೋಲ್ಟ್ ತೂತು ಇರುವ ಕಿವಿಗಳು. ಇವೆರಡೂ ಬಿರುಕಿಲ್ಲದೆ ಇದ್ದರೆ ಉಳಿದದ್ದೆಲ್ಲ ಬದಲಿಸಬಹುದಾದ ಸಾಮಾನು. ಬೇರಿಂಗ್, ಸೀಲ್, ಪ್ಲೇಟ್, ಬೆಲ್ಟ್ ಎಲ್ಲ ಅಂಗಡಿಯಲ್ಲಿ ಸಿಗುತ್ತವೆ. ಎರಕ ಒಡೆದಿದ್ದರೆ ಲೆಕ್ಕಾಚಾರವೇ ಬೇರೆ. ಎಂಜಿನ್ ಸದ್ದು ಕೇಳಿ "ಒಳ್ಳೇ ಗಾಡಿ, ಇಟ್ಕೊಳ್ಳಿ" ಅನ್ನುವವರ ಮಾತನ್ನು ನಾನು ಅಷ್ಟಾಗಿ ನಂಬುವುದಿಲ್ಲ. ಎಂಜಿನ್ ಕೆಲಸ ಬಲ್ಲವರು ಊರಿಗೊಬ್ಬರು ಸಿಗುತ್ತಾರೆ. ಒಡೆದ ಗೇರ್‌ಬಾಕ್ಸ್ ಹೌಸಿಂಗ್ ಸರಿ ಮಾಡುವವರು ಜಿಲ್ಲೆಗೆ ಒಬ್ಬಿಬ್ಬರು.

ಎರಡನೆಯದು ಸ್ಪೇರ್ ಪಾರ್ಟ್. ಬೆಂಗಳೂರಿನ ಟಿಲ್ಲರ್ ಕಂಪನಿ ವಿಎಸ್‌ಟಿ 1967ರಿಂದ ಇದೆ. ಕೇರಳದ ಅತ್ತಾಣಿಯ ಕ್ಯಾಮ್ಕೊ 1973ರಿಂದ. ಈ ಎರಡರ ಹಳೇ ಮಾಡೆಲ್ಲಿಗೂ ಸಾಮಾನು ಸಿಗುತ್ತದೆ, ಹಳೇ ಗಾಡಿ ಬಿಚ್ಚಿ ಮಾರುವವರ ಹತ್ತಿರವೂ ಸಿಗುತ್ತದೆ. ಚೀನಾದಿಂದ ಬಂದ ಟಿಲ್ಲರ್ ಆದರೆ ಹುಷಾರು. 2020ರ ಜುಲೈನಲ್ಲಿ ಕೇಂದ್ರ ಸರ್ಕಾರ ಟಿಲ್ಲರಿನ ಆಮದಿಗೆ ನಿರ್ಬಂಧ ಹಾಕಿತು. ಇಡೀ ಗಾಡಿಗೆ ಮಾತ್ರವಲ್ಲ, ಎಂಜಿನ್, ಟ್ರಾನ್ಸ್‌ಮಿಷನ್, ಚಾಸಿ, ರೋಟವೇಟರಿಗೂ. ಅದಕ್ಕೇ ಆ ಗಾಡಿಗಳ ಗೇರ್ ಕೆಲಸಕ್ಕೆ ಕೈ ಹಾಕುವ ಮುಂಚೆ ಸಾಮಾನು ಕೈಯಲ್ಲಿ ಇರಬೇಕು. ಬಿಚ್ಚಿದ ಮೇಲೆ ಹುಡುಕೋಣ ಅಂದರೆ ಗಾಡಿ ಮಳೆಗಾಲ ಪೂರ್ತಿ ಕೊಟ್ಟಿಗೆಯಲ್ಲಿ ಕೂರುತ್ತದೆ.

ಮೂರನೆಯದು ಕೆಲಸ. ಕೆಸರುಗದ್ದೆಯಲ್ಲಿ ಓಡುವ ಗಾಡಿಗೂ ಅಡಿಕೆ ತೋಟದಲ್ಲಿ ಗೊಬ್ಬರ, ಸೋಗೆ ಎಳೆಯುವ ಗಾಡಿಗೂ ಬಹಳ ವ್ಯತ್ಯಾಸ. ಕೆಸರಿನ ಗಾಡಿಗೆ ಸೀಲ್ ಮುಖ್ಯ, ಟ್ರೈಲರ್ ಎಳೆಯುವ ಗಾಡಿಗೆ ಕ್ಲಚ್ ಮತ್ತು ಬ್ರೇಕ್. ಬಾಡಿಗೆಗೆ ಹೋಗುವ ಗಾಡಿಯಾದರೆ ಹಂಗಾಮಿನ ನಡುವೆ ಒಂದು ದಿನ ನಿಂತರೂ ನಷ್ಟ.

ಕೊನೆಯದು ದುಡ್ಡು. ನನ್ನ ಲೆಕ್ಕ ಸರಳ. ನಿಮ್ಮದೇ ಮಾಡೆಲ್ಲಿನ, ಚೆನ್ನಾಗಿ ಓಡುವ ಹಳೇ ಗಾಡಿ ನಿಮ್ಮ ಕಡೆ ಎಷ್ಟಕ್ಕೆ ಸಿಗುತ್ತೆ ಅಂತ ವಿಚಾರಿಸಿ. ರಿಪೇರಿ ಅದರ ಅರ್ಧದೊಳಗೆ ಮುಗಿದರೆ ರಿಪೇರಿ ಮಾಡಿ. ಅರ್ಧ ದಾಟಿದರೆ ನಿಂತು ಯೋಚಿಸಿ.

ಬಿಚ್ಚುವ ಮೊದಲು ಅರ್ಧ ದಿನದ ಪರೀಕ್ಷೆ

ಯಾವ ದಾರಿ ಹಿಡಿದರೂ ಇದು ಬೇಕೇ ಬೇಕು. ಖರ್ಚು ಏನೂ ಇಲ್ಲ.

ಗೇರ್‌ಬಾಕ್ಸಿನ ಡ್ರೈನ್ ನಟ್ ತೆಗೆದು ಆಯಿಲ್ ಅನ್ನು ಹಳೇ ಬಿಳಿ ಪಂಚೆಯ ತುಂಡಿನ ಮೇಲೆ ಸೋಸಿ. ಬಟ್ಟೆಯ ಮೇಲೆ ಬೂದು ಬಣ್ಣದ ನುಣ್ಣನೆ ಪೇಸ್ಟ್ ಉಳಿದರೆ ಅದು ಮಾಮೂಲಿ ಸವೆತ. ಬೆರಳಿಗೆ ಚುಚ್ಚುವ ಚೂರು, ಹೊಳೆಯುವ ಹಾಳೆಯಂಥ ಸಿಪ್ಪೆ ಬಂದರೆ ಬೇರಿಂಗ್ ಅಥವಾ ಗೇರ್ ಹಲ್ಲು ಉದುರುತ್ತಿದೆ. ಆಯಿಲ್ ಹಾಲು ಬೆರೆಸಿದ ಹಾಗೆ ಬೆಳ್ಳಗಿದ್ದರೆ ಗದ್ದೆ ನೀರು ಸೀಲ್ ದಾಟಿ ಒಳಗೆ ಹೋಗಿದೆ ಅಂತ ಅರ್ಥ.

ಆಮೇಲೆ ಎಂಜಿನ್ ಆಫ್ ಇದ್ದಾಗ, ಬೆಲ್ಟ್ ತೆಗೆದು, ಕ್ಲಚ್ ಪುಲ್ಲಿಯನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಟಕಟ ಅಂದರೆ ಬೇರಿಂಗ್ ಮುಗಿದಿದೆ. ಬೆಲ್ಟಿನ ಕಾಲುವೆಯೊಳಗೆ ಟಾರ್ಚ್ ಬಿಟ್ಟು ನೋಡಿ. ತಳ ಕನ್ನಡಿಯಂತೆ ಹೊಳೆಯುತ್ತಿದ್ದರೆ ಬೆಲ್ಟ್ ತಳಕ್ಕೆ ಕೂರುತ್ತಿದೆ, ಪುಲ್ಲಿ ಸವೆದಿದೆ. ವಿ-ಬೆಲ್ಟ್ ಹಿಡಿಯುವುದು ಎರಡು ಪಕ್ಕದಿಂದ, ತಳದಿಂದ ಅಲ್ಲ. ಇಂಥ ಪುಲ್ಲಿಗೆ ಎಷ್ಟು ಹೊಸ ಬೆಲ್ಟ್ ಹಾಕಿದರೂ ಜಾರುತ್ತದೆ.

ಇನ್ನು ಫೌಂಡೇಶನ್. ನಾಲ್ಕೂ ಬೋಲ್ಟ್ ಬಿಗಿ ಇದ್ದಾಗ ಒಂದನ್ನು ಮಾತ್ರ ಸಡಿಲಿಸಿ. ಆ ಕಾಲಿನ ಅಡಿಗೆ ಸಂದು ಅಳೆಯುವ ಫೀಲರ್ ಗೇಜಿನ 0.1 ಮಿ.ಮೀ. ಎಲೆ ಸಲೀಸಾಗಿ ಹೋದರೆ ಆ ಕಾಲು ಚಾಸಿಗೆ ಕೂತೇ ಇಲ್ಲ, ಬೋಲ್ಟ್ ಅದನ್ನು ಬಲವಂತವಾಗಿ ಬಗ್ಗಿಸಿ ಹಿಡಿದಿತ್ತು. ಎರಕ ಬಗ್ಗುವುದಿಲ್ಲ, ಒಂದು ದಿನ ಸೀಳುತ್ತದೆ. ಬೋಲ್ಟ್ ಬಿಗಿ ಮಾಡಿ ಮಾಡಿ ಎಂಜಿನ್ನಿನ ಕಿವಿ ಒಡೆಯುವುದು ಹೀಗೆಯೇ. ನಾಲ್ಕೂ ಕಾಲಿಗೆ ಒಂದೊಂದಾಗಿ ಹೀಗೆ ನೋಡಿ.

ರೋಟರಿಯ ಬ್ಲೇಡುಗಳನ್ನೂ ಎಣಿಸಿ. ಒಂದೆರಡು ಮುರಿದಿದ್ದರೆ, ಎಡ ಬಲ ಅದಲು ಬದಲಾಗಿದ್ದರೆ ಇಡೀ ಗಾಡಿ ಕುಣಿಯುತ್ತದೆ. ಬೋಲ್ಟ್ ಸಡಿಲಾಗಲು ಅದೂ ಒಂದು ಕಾರಣ. ಒಂದು ಸಿಲಿಂಡರಿನ ಎಂಜಿನ್ ಮೊದಲೇ ಕುಣಿಯುವ ಜಾತಿ. 2400 ಆರ್‌ಪಿಎಂನಲ್ಲಿ ನಿಮಿಷಕ್ಕೆ 1200 ಸಲ ಅದು ಬೋಲ್ಟಿಗೆ ಗುದ್ದುತ್ತದೆ.

ದಾರಿ ಒಂದು: ಬೋಲ್ಟ್, ಬೆಲ್ಟ್, ಸೀಲ್ ಮಾತ್ರ

ಎರಕ ಸರಿ ಇದೆ, ಆಯಿಲಿನಲ್ಲಿ ಚೂರಿಲ್ಲ, ಬೇರಿಂಗ್ ಗಟ್ಟಿ ಇದೆ ಅಂದರೆ ಇಷ್ಟೇ ಸಾಕು. ಖರ್ಚು ಕೆಲವು ಸಾವಿರದೊಳಗೆ. ಮನೆಯಲ್ಲೇ ಆಗುವ ಕೆಲಸ.

ಆದರೆ ಇದನ್ನೂ ನೆಟ್ಟಗೆ ಮಾಡಬೇಕು. ಬೋಲ್ಟಿನ ತಲೆಯ ಮೇಲೆ 8.8 ಅಂತ ಅಚ್ಚು ಇರಬೇಕು, ಅದು ಬೋಲ್ಟಿನ ಗಟ್ಟಿತನದ ಗುರುತು. ಹಾರ್ಡ್‌ವೇರ್ ಅಂಗಡಿಯ ಮೆತ್ತನೆ ಬೋಲ್ಟ್ ಎಳೆದಷ್ಟೂ ಉದ್ದವಾಗುತ್ತದೆ, ಹಿಡಿದು ನಿಲ್ಲುವುದಿಲ್ಲ. 12 ಮಿ.ಮೀ.ಯ 8.8 ಬೋಲ್ಟಿಗೆ ಸುಮಾರು 80 ನ್ಯೂಟನ್ ಮೀಟರ್ ಬಿಗಿ ಬೇಕು. ಅಂದರೆ ಒಂದಡಿ ಸ್ಪ್ಯಾನರಿನ ತುದಿಯಲ್ಲಿ 27 ಕೆ.ಜಿ. ತೂಗಿದಷ್ಟು. ನಿಮ್ಮ ಗಾಡಿಯ ಪುಸ್ತಕದಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ಕಾಲಿನ ಅಡಿ ಸಂದು ಇದ್ದರೆ ಅಷ್ಟೇ ದಪ್ಪದ ತಗಡಿನ ತುಂಡು, ಅಂದರೆ ಶಿಮ್, ಕೊಡಿ. ಕಾಲು ಕೂತ ಮೇಲೆ ಬೋಲ್ಟ್.

ಕೆಲವರು ಅದುರು ಕಮ್ಮಿ ಆಗಲಿ ಅಂತ ಎಂಜಿನ್ ಅಡಿಗೆ ಹಳೇ ಟಯರ್ ತುಂಡು ಇಡುತ್ತಾರೆ. ಮೊದಲ ದಿನ ಹ್ಯಾಂಡಲ್ ಹಾಯಾಗಿ ಇರುತ್ತದೆ, ನಿಜ. ಆದರೆ ಬೆಲ್ಟಿನ ಎಳೆತಕ್ಕೆ ರಬ್ಬರ್ ಒಂದೇ ಬದಿಗೆ ಅಮುಕಿಕೊಂಡು ಪುಲ್ಲಿ ಸಾಲು ತಪ್ಪುತ್ತದೆ. ಬೋಲ್ಟೂ ಬಿಗಿ ನಿಲ್ಲುವುದಿಲ್ಲ. ಕಂಪನಿಯವರು ಕಬ್ಬಿಣಕ್ಕೆ ಕಬ್ಬಿಣವೇ ಕೂರಿಸಿದ್ದಾರೆ ಅಂದರೆ ಹಾಗೆಯೇ ಬಿಡಿ. ರಬ್ಬರ್ ಮೌಂಟ್ ಇರುವ ಗಾಡಿಗೆ ಅದರದ್ದೇ ರಬ್ಬರ್ ಹಾಕಿ, ಅದೂ ಎಲ್ಲವನ್ನೂ ಒಟ್ಟಿಗೆ.

ಬೆಲ್ಟೂ ಅಷ್ಟೇ, ಪೂರ್ತಿ ಸೆಟ್ ಬದಲಿಸಿ. ಹಳೇ ಬೆಲ್ಟುಗಳ ನಡುವೆ ಒಂದು ಹೊಸದು ಹಾಕಿದರೆ ಭಾರವೆಲ್ಲ ಅದರ ಮೇಲೆಯೇ. ಎರಡು ಪುಲ್ಲಿಗಳ ಮುಖಕ್ಕೆ ದಾರ ಹಿಡಿದು ಸಾಲು ನೋಡಿ. ಬೆಲ್ಟಿನ ನಡುವೆ ಹೆಬ್ಬೆರಳಲ್ಲಿ ಒತ್ತಿದರೆ 10-15 ಮಿ.ಮೀ. ತಗ್ಗಬೇಕು. ಕೆಲವು ಟಿಲ್ಲರುಗಳಲ್ಲಿ ಟೆನ್ಷನ್ ಪುಲ್ಲಿ ಇರುತ್ತದೆ, ಕೆಲವಕ್ಕೆ ಎಂಜಿನ್ನನ್ನೇ ಹಿಂದೆ ಮುಂದೆ ಜರುಗಿಸಬೇಕು. ಜರುಗಿಸುವ ಜಾತಿಯಾದರೆ ಎರಡೂ ಬದಿ ಸಮ ಜರುಗಿದೆಯಾ ನೋಡಿ. ಸಾಲು ತಪ್ಪುವುದು ಹೆಚ್ಚಾಗಿ ಇಲ್ಲೇ.

ದಾರಿ ಎರಡು: ಚಾಸಿ ಮತ್ತು ಕಾಲಿನ ದುರಸ್ತಿ

ಬೋಲ್ಟಿನ ತೂತು ಮೊಟ್ಟೆಯಾಕಾರಕ್ಕೆ ಹಿಗ್ಗಿದ್ದರೆ ಎಂಥ ಬೋಲ್ಟೂ ನಿಲ್ಲುವುದಿಲ್ಲ. ಚಾಸಿ ಉಕ್ಕಿನದ್ದಾದರೆ ಕೆಲಸ ಸುಲಭ. ತೂತು ತುಂಬಿ ವೆಲ್ಡ್ ಮಾಡಿ ಮತ್ತೆ ಡ್ರಿಲ್ ಹಾಕಬಹುದು, ಇಲ್ಲವಾದರೆ 8-10 ಮಿ.ಮೀ. ದಪ್ಪದ ಪ್ಲೇಟಿಗೆ ಸರಿಯಾದ ತೂತು ಕೊರೆದು ಮೇಲೆ ಕೂರಿಸಬಹುದು. ಎರಡನೆಯದು ನನಗೆ ಇಷ್ಟ, ಸಮತಟ್ಟು ಸಿಗುತ್ತದೆ. ಆದರೆ ಪ್ಲೇಟ್ ಎಷ್ಟು ದಪ್ಪವೋ ಎಂಜಿನ್ ಅಷ್ಟು ಮೇಲೇರುತ್ತದೆ. ನಾಲ್ಕೂ ಕಡೆ ಒಂದೇ ದಪ್ಪ ಇರಲಿ, ಬೆಲ್ಟ್ ಅಳತೆ ಮತ್ತೆ ನೋಡಿ.

ವೆಲ್ಡರ್ ಅರ್ತ್ ಕ್ಲಾಂಪನ್ನು ವೆಲ್ಡ್ ಮಾಡುವ ಜಾಗದ ಪಕ್ಕದಲ್ಲೇ ಹಾಕಲಿ. ದೂರದ ಹ್ಯಾಂಡಲಿಗೋ ಚಕ್ರಕ್ಕೋ ಸಿಕ್ಕಿಸಿದರೆ ಕರೆಂಟ್ ಬೇರಿಂಗಿನ ಮೂಲಕ ಹರಿದು ಅದರ ಗೋಲಿಗಳಲ್ಲಿ ಚುಕ್ಕೆ ಬೀಳುತ್ತದೆ. ಡೀಸೆಲ್ ಟ್ಯಾಂಕ್ ಮೊದಲು ಇಳಿಸಿಬಿಡಿ.

ಎಂಜಿನ್ನಿನ ಕಿವಿಯೇ ಒಡೆದಿದ್ದರೆ ಮಾಮೂಲಿ ರಾಡ್ ಕೆಲಸಕ್ಕೆ ಬಾರದು. ಎರಕಕ್ಕೆ ನಿಕ್ಕಲ್ ರಾಡ್ ಬೇಕು, ಬಿಸಿ ಮಾಡಿ ಸ್ವಲ್ಪ ಸ್ವಲ್ಪವೇ ವೆಲ್ಡ್ ಕೊಟ್ಟು, ಒಲೆಯ ಬೂದಿಯಲ್ಲೋ ಒಣ ಮರಳಲ್ಲೋ ಮುಚ್ಚಿ ನಿಧಾನಕ್ಕೆ ತಣ್ಣಗಾಗಿಸಬೇಕು. ಹಿತ್ತಾಳೆ ವೆಲ್ಡಿಂಗ್ ಕೂಡ ನಡೆಯುತ್ತದೆ. ಇದನ್ನು ಬಲ್ಲ ಕೈಗೆ ಮಾತ್ರ ಕೊಡಿ. ಕಿವಿಯ ತುದಿ ಒಡೆದಿದ್ದರೆ ನಂಬಬಹುದು. ಬಿರುಕು ಬ್ಲಾಕಿನ ಒಳಗೆ, ನೀರು ಓಡುವ ಗೋಡೆಯತ್ತ ಹೋಗಿದ್ದರೆ ಆ ಬ್ಲಾಕಿಗೆ ದುಡ್ಡು ಹಾಕಬೇಡಿ.

ದಾರಿ ಮೂರು: ಗೇರ್‌ಬಾಕ್ಸ್ ಬಿಚ್ಚುವುದು

ಗೇರ್ ಹಾರುತ್ತಿದೆ ಅಂದ ತಕ್ಷಣ ಬಿಚ್ಚಬೇಡಿ. ಗೇರನ್ನು ಜಾಗದಲ್ಲಿ ಹಿಡಿಯುವ ಒಂದು ಸ್ಪ್ರಿಂಗ್ ಮತ್ತು ಸ್ಟೀಲ್ ಗೋಲಿ ಇರುತ್ತದೆ. ಸ್ಪ್ರಿಂಗ್ ಸೋತಿದ್ದರೂ ಗೇರ್ ಹಾರುತ್ತದೆ. ತೀರಾ ಕಡಿಮೆ ಖರ್ಚಿನ ಕೆಲಸ, ಮೊದಲು ಅದನ್ನೇ ನೋಡಿಸಿ. ಆಮೇಲೆ ಗೇರನ್ನು ಸರಿಸುವ ಫೋರ್ಕ್. ಗೇರ್ ಹಲ್ಲಿನ ಅಂಚು ದುಂಡಾಗಿದ್ದರೆ ಮಾತ್ರ ಗೇರ್ ಬದಲಿಸುವ ಮಾತು.

ಬಿಚ್ಚಿದ ಮೇಲೆ ಅರ್ಧಂಬರ್ಧ ಮಾಡಬೇಡಿ. ಬಿಚ್ಚಿ ಜೋಡಿಸುವ ಕೂಲಿ ಒಂದು ಬೇರಿಂಗಿಗೂ ಅಷ್ಟೇ, ಎಲ್ಲ ಬೇರಿಂಗಿಗೂ ಅಷ್ಟೇ. ಹೊರಗಿನ ಸೀಲ್‌ಗಳನ್ನೆಲ್ಲ ಬದಲಿಸಿ. ಹಳೇ ಬೇರಿಂಗಿನ ಮೈಮೇಲೆ ನಂಬರ್ ಇರುತ್ತದೆ. 6205 ಅಂತ ಇದ್ದರೆ ಅದು 25 ಮಿ.ಮೀ. ಶಾಫ್ಟಿನದು, ಹೊರ ಅಳತೆ 52. ಯಾವ ಕಂಪನಿಯ ಟಿಲ್ಲರ್ ಅನ್ನೋದು ಬೇಡ, ಆ ನಂಬರ್ ಹೇಳಿದರೆ ಬೇರಿಂಗ್ ಅಂಗಡಿಯವರು ಕೊಡುತ್ತಾರೆ. ಬೆಂಗಳೂರಿನ ಎಸ್‌ಜೆಪಿ ರಸ್ತೆಯಲ್ಲಾದರೆ ಬೇಕಾದಷ್ಟು ಅಂಗಡಿಗಳಿವೆ. ಡೂಪ್ಲಿಕೇಟೂ ಅಷ್ಟೇ ಇದೆ. ಬಿಲ್ ಕೇಳಿ ತಗೊಳ್ಳಿ. ಗೇರ್, ಫೋರ್ಕ್, ಕ್ಲಚ್ ಪ್ಲೇಟ್ ಮಾತ್ರ ಕಂಪನಿಯ ಸಾಮಾನೇ ಇರಲಿ.

ಎರಡು ಜಾಗ ನೀವೇ ನಿಂತು ನೋಡಿ. ಒಂದು, ಸೀಲ್ ಕೂರುವ ಜಾಗದಲ್ಲಿ ಶಾಫ್ಟ್ ಮೇಲೆ ಉಗುರಿಗೆ ಸಿಗುವ ಗೆರೆ ಬಿದ್ದಿದೆಯಾ. ಬಿದ್ದಿದ್ದರೆ ಹೊಸ ಸೀಲೂ ಸೋರುತ್ತದೆ. ಜಾಗ ಇದ್ದರೆ ಸೀಲನ್ನು ಎರಡು ಮಿ.ಮೀ. ಸರಿಸಿ ಕೂರಿಸಬಹುದು, ಇಲ್ಲವೆಂದರೆ ಲೇತ್‌ನಲ್ಲಿ ಸ್ಲೀವ್ ಹಾಕಿಸಬೇಕು. ಎರಡು, ಬೇರಿಂಗ್ ಹೌಸಿಂಗಿನಲ್ಲಿ ಕೈಯಿಂದಲೇ ತಿರುಗುತ್ತದಾ. ತಿರುಗಿದರೆ ಹೌಸಿಂಗ್ ಸವೆದಿದೆ. ಇಲ್ಲಿ ಕೆಲವು ಮೆಕ್ಯಾನಿಕ್‌ಗಳು ಪಂಚ್ ಇಟ್ಟು ಸುತ್ತ ಚುಕ್ಕೆ ಹೊಡೆದು ಟೈಟ್ ಮಾಡುತ್ತಾರೆ. ಒಂದು ಹಂಗಾಮು ಕಳೆಯಲು ಸಾಕು, ಅದಕ್ಕಿಂತ ಜಾಸ್ತಿ ನಂಬಬೇಡಿ. ಸರಿಯಾದ ಕೆಲಸ ಅಂದರೆ ಬೋರ್ ಮಾಡಿ ಬುಶ್ ಕೂರಿಸುವುದು. ಅದಕ್ಕೆ ಹೌಸಿಂಗ್ ಪೂರ್ತಿ ಖಾಲಿ ಮಾಡಿ ಒಳ್ಳೇ ಲೇತ್ ಶಾಪಿಗೆ ಒಯ್ಯಬೇಕು, ಖರ್ಚೂ ಏರುತ್ತದೆ. ಅರ್ಧದ ಲೆಕ್ಕ ಮತ್ತೆ ತೆಗೆಯಬೇಕಾದ್ದು ಇಲ್ಲಿ.

ದಾರಿ ನಾಲ್ಕು: ಬೇರೆ ಎಂಜಿನ್

ಗೇರ್‌ಬಾಕ್ಸ್ ಗಟ್ಟಿ ಇದ್ದು ಎಂಜಿನ್ ಬ್ಲಾಕ್ ಒಡೆದಿದ್ದರೆ ಇದು ಒಳ್ಳೇ ದಾರಿ. ಅದೇ ಮಾಡೆಲ್ಲಿನ ಹಳೇ ಎಂಜಿನ್ ಸಿಕ್ಕರೆ ಕಣ್ಣು ಮುಚ್ಚಿ ಅದನ್ನೇ ತಗೊಳ್ಳಿ, ತೂತಿಗೆ ತೂತು ಕೂರುತ್ತದೆ. ಬೇರೆ ಕಂಪನಿಯದ್ದಾದರೆ ಅಳತೆ ಪಟ್ಟಿ ಹಿಡಿದು ಹೋಗಿ: ಕಾಲುಗಳ ನಡುವಿನ ಅಂತರ, ಪುಲ್ಲಿಯ ನಡುಬಿಂದುವಿನ ಎತ್ತರ, ತಿರುಗುವ ದಿಕ್ಕು, ಆರ್‌ಪಿಎಂ, ತೂಕ. ಹಳೇ ಪಂಪ್‌ಸೆಟ್ಟಿನ ಎಂಜಿನ್ ಸುಮ್ನೆ ಕೂರಿಸುವ ಯೋಚನೆ ಬೇಡ. ಅದು 1500 ಆರ್‌ಪಿಎಂನದ್ದಾದರೆ ಅದೇ ಪುಲ್ಲಿಯಲ್ಲಿ ಗಾಡಿಯೂ ರೋಟರಿಯೂ ಮೂರರಲ್ಲಿ ಎರಡು ಪಾಲು ವೇಗಕ್ಕೂ ಕೆಳಗೆ ಬರುತ್ತದೆ. ತೂಕವೂ ಜಾಸ್ತಿ, ಟಿಲ್ಲರಿನ ಮೂತಿ ಕೆಸರಿಗೆ ಇಳಿಯುತ್ತದೆ.

ಗೇರ್‌ಬಾಕ್ಸೇ ಸವೆದ ಗಾಡಿಗೆ ಹೊಸ ಎಂಜಿನ್ ಹಾಕುವುದು ನನ್ನ ಪ್ರಕಾರ ದುಡ್ಡು ಕಳೆಯುವ ಅತಿ ಸುಲಭ ದಾರಿ.

ದಾರಿ ಐದು: ಮಾರಿ ಬೇರೆ ತಗೊಳ್ಳುವುದು, ಅಥವಾ ಬಾಡಿಗೆ

ಹೊಸ ಟಿಲ್ಲರಿಗೆ ಎರಡು ಲಕ್ಷದ ಆಸುಪಾಸು ಇಟ್ಟುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಶೇ. 12ರಿಂದ 5ಕ್ಕೆ ಇಳಿದಿದೆ. ರಾಜ್ಯದ ಕೃಷಿ ಯಾಂತ್ರೀಕರಣ ಯೋಜನೆಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 50ರವರೆಗೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 90ರವರೆಗೆ ಸಹಾಯಧನ ಇದೆ, ಗರಿಷ್ಠ ಮಿತಿಗೆ ಒಳಪಟ್ಟು. ಫ್ರೂಟ್ಸ್ ಐಡಿ (ರೈತರ ನೋಂದಣಿ ಸಂಖ್ಯೆ) ಇಟ್ಟುಕೊಂಡು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ ವಿಚಾರಿಸಿ. ಶೇ. 90 ಸಿಗುವವರು ರಿಪೇರಿ ಬಗ್ಗೆ ತಲೆ ಕೆಡಿಸಿಕೊಳ್ಳುವುದೇ ಬೇಡ, ಅರ್ಜಿ ಹಾಕಿ. ಆದರೆ ಅನುದಾನ ಬರುವವರೆಗೆ ನಾಟಿ ಕಾಯುವುದಿಲ್ಲ. ಅಲ್ಲಿವರೆಗೆ ಹಳೇ ಗಾಡಿಗೆ ದಾರಿ ಒಂದು ಸಾಕು.

ಸೆಕೆಂಡ್ ಹ್ಯಾಂಡ್ ನೋಡಲು ಹೋದರೆ ಮೇಲೆ ಹೇಳಿದ ಪರೀಕ್ಷೆಯನ್ನೆಲ್ಲ ಆ ಗಾಡಿಗೂ ಮಾಡಿ. ಫೌಂಡೇಶನ್ ಜಾಗಕ್ಕೆ ಹೊಸ ಬಣ್ಣ ಬಳಿದಿದ್ದರೆ ಕೆರೆದು ನೋಡಿ. ಸಬ್ಸಿಡಿ ಗಾಡಿಯಾದರೆ ಮಾರಾಟಕ್ಕೆ ಷರತ್ತು ಇದೆಯಾ ಕೇಳಿ, ಬ್ಯಾಂಕ್ ಸಾಲ ತೀರಿದ ಕಾಗದ ಇಲ್ಲದೆ ಮುಂಗಡ ಕೊಡಬೇಡಿ.

ಬಾಡಿಗೆ ದಾರಿಯನ್ನು ನಾವು ಸುಲಭವಾಗಿ ಮರೆತುಬಿಡುತ್ತೇವೆ. 2014ರ ನಂತರ ಹೋಬಳಿ ಮಟ್ಟದಲ್ಲಿ ಯಂತ್ರ ಬಾಡಿಗೆಗೆ ಕೊಡುವ ಕೃಷಿ ಯಂತ್ರಧಾರೆ ಕೇಂದ್ರಗಳು ಬಂದಿವೆ. ವರ್ಷಕ್ಕೆ ನಾಲ್ಕೈದು ದಿನ ಮಾತ್ರ ಗದ್ದೆ ಕೆಲಸ ಇರುವವರಿಗೆ ಸ್ವಂತ ಗಾಡಿಗಿಂತ ಅದೇ ಅಗ್ಗ. ತೊಂದರೆ ಒಂದೇ. ಎಲ್ಲರಿಗೂ ಒಂದೇ ವಾರ ಬೇಕು, ಅಲ್ವಾ?

ಯಾರಿಗೆ ಯಾವುದು

ಎರಡು ಎಕರೆ ಅಡಿಕೆ, ಟ್ರೈಲರ್ ಕೆಲಸವೇ ಹೆಚ್ಚು, ಗದ್ದೆ ಇಲ್ಲ ಅನ್ನುವವರಿಗೆ ದಾರಿ ಒಂದು ಮತ್ತು ಎರಡು. ಗೇರ್‌ಬಾಕ್ಸಿನಲ್ಲಿ ಸ್ವಲ್ಪ ಸದ್ದು ಇದ್ದರೂ ಆಯಿಲ್ ಶುದ್ಧ ಇದ್ದರೆ ಇನ್ನೂ ಕೆಲವು ವರ್ಷ ತಳ್ಳಬಹುದು. ಕ್ಲಚ್ಚೂ ಬ್ರೇಕೂ ಮಾತ್ರ ಪಕ್ಕಾ ಇರಲಿ, ಇಳಿಜಾರಿನ ತೋಟದ ರಸ್ತೆಯಲ್ಲಿ ಅದು ಜೀವದ ಪ್ರಶ್ನೆ.

ಗದ್ದೆ ಇರುವವರು, ಆಯಿಲ್ ಬೆಳ್ಳಗಾಗಿದ್ದರೆ, ಮುಂದೂಡಬೇಡಿ. ದಾರಿ ಮೂರು. ನೀರು ಕುಡಿದ ಆಯಿಲಿನಲ್ಲಿ ಇನ್ನೊಂದು ಹಂಗಾಮು ಓಡಿಸಿದರೆ ಸೀಲಿನ ಖರ್ಚು ಬೇರಿಂಗಿನ ಖರ್ಚಾಗುತ್ತದೆ.

ಬಾಡಿಗೆಗೆ ಓಡಿಸುವವರಿಗೆ ಎರಕ ಗಟ್ಟಿ ಇದ್ದರೆ ಎರಡು ಮತ್ತು ಮೂರು ಒಟ್ಟಿಗೆ ಮಾಡಿಸುವುದು ಲೇಸು. ಎರಕ ಒಡೆದಿದ್ದರೆ ಮಾರಿ. ಇವರಿಗೆ ಗಾಡಿ ನಿಂತ ದಿನದ ನಷ್ಟವನ್ನೂ ರಿಪೇರಿ ಖರ್ಚಿಗೆ ಸೇರಿಸಬೇಕು. ಕೈಯಲ್ಲಿ ದುಡ್ಡು ಇಲ್ಲದವರು, ಹೌಸಿಂಗ್ ಸವೆದಿರುವವರು ಪಂಚ್ ಹೊಡೆಸಿ ಈ ಹಂಗಾಮು ಮುಗಿಸಿ, ಬೇಸಿಗೆಯಲ್ಲಿ ಗಾಡಿ ಇನ್ನೂ ಓಡುತ್ತಿರುವಾಗಲೇ ಮಾರುವುದು ಒಳ್ಳೆಯದು. ತಗೊಳ್ಳುವವರಿಗೆ ವಿಷಯ ಹೇಳಿಯೇ ಮಾರಿ. ಓಡುವ ಗಾಡಿಗೆ ಸಿಗುವ ಬೆಲೆ ನಿಂತ ಗಾಡಿಗೆ ಸಿಗುವುದಿಲ್ಲ, ನಿಂತದ್ದು ಗುಜರಿ ತೂಕಕ್ಕೆ ಹೋಗುತ್ತದೆ.

ಯಾವ ಕೆಲಸ ಆದರೂ ಮಾರ್ಚ್-ಏಪ್ರಿಲ್‌ನಲ್ಲಿ ಕೊಡಿ. ಮೇ ಕೊನೆಗೆ ಎಲ್ಲ ಮೆಕ್ಯಾನಿಕ್‌ಗಳ ಅಂಗಳವೂ ತುಂಬಿರುತ್ತದೆ, ಕೆಲಸ ಓಡಿಸಿ ಮುಗಿಸುತ್ತಾರೆ. ಗಾಡಿ ಮನೆಗೆ ಬಂದ ಮೇಲೆ ಪ್ರತಿ ಫೌಂಡೇಶನ್ ಬೋಲ್ಟಿನ ತಲೆಯಿಂದ ಎಂಜಿನ್ ಕಾಲಿನವರೆಗೆ ಬಿಳಿ ಪೇಂಟಿನಲ್ಲಿ ಒಂದು ಗೆರೆ ಎಳೆದುಬಿಡಿ. ಮೊದಲ ನಾಲ್ಕೈದು ಗಂಟೆ ಓಡಿಸಿ, ಎಂಜಿನ್ ತಣ್ಣಗಾದ ಮೇಲೆ ಒಮ್ಮೆ ಬಿಗಿ ನೋಡಿ, ಬೆಲ್ಟೂ ನೋಡಿ. ಆಮೇಲೆ ದಿನಾ ಡೀಸೆಲ್ ಹಾಕುವಾಗ ಗೆರೆ ನೇರ ಇದೆಯಾ ಅಂತ ಒಂದು ಕಣ್ಣು ಹಾಯಿಸಿದರೆ ಸಾಕು. ಗೆರೆ ಮುರಿದಿದ್ದರೆ ಅವತ್ತು ಗದ್ದೆಗೆ ಇಳಿಸಬೇಡಿ, ಮೊದಲು ಸ್ಪ್ಯಾನರ್ ತನ್ನಿ.